ಗಿಡದ ಮೈಕಟ್ಟು, ಕಂಪನಿಯ ಲೆಕ್ಕ

(ಮಸಾಲೆ ಮತ್ತು ಔಷಧಿ ಗಿಡಗಳ ವಸಾಹತು ಚರಿತ್ರೆ ಕುರಿತ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಬಿಟ್ಟಿದೆ.)

ಡಚ್ಚರ ಈಸ್ಟ್ ಇಂಡಿಯಾ ಕಂಪನಿ ಯುರೋಪಿಗೆ ಕಳಿಸುತ್ತಿದ್ದ ಜಾಯಿಕಾಯಿ ಬೆಳ್ಳಗಿರುತ್ತಿತ್ತು. ಹಡಗಿಗೆ ಏರಿಸುವ ಮುನ್ನ ಕಾಯಿಗಳನ್ನು ಗಟ್ಟಿ ಸುಣ್ಣದ ನೀರಿನಲ್ಲಿ ಅದ್ದಿ ಒಣಗಿಸುತ್ತಿದ್ದರು. ಹುಳು ಬೀಳಬಾರದು ಎನ್ನುವುದು ಒಂದು ಕಾರಣ. ಕೊಂಡವರು ಯಾರೂ ಅದನ್ನು ಬಿತ್ತಿ ಸಸಿ ಮಾಡಬಾರದು ಎನ್ನುವುದು ಇನ್ನೊಂದು. ಈ ಎರಡನೆಯ ಕಾರಣಕ್ಕೆ ಸುಣ್ಣದ ಖರ್ಚು ದಂಡ. ಜಾಯಿಕಾಯಿ ಬೀಜ ಹಸಿಹಸಿಯಾಗಿ ಕೆಲವೇ ದಿನಗಳಲ್ಲಿ ಮಣ್ಣು ಸೇರಬೇಕು, ಒಣಗಿತೆಂದರೆ ಮುಗಿಯಿತು. ಮಾರಾಟದ ಕಾಯಿಯೋ ವಾರಗಟ್ಟಲೆ ಹೊಗೆ ಕುಡಿದು, ಚಿಪ್ಪು ಕಳಚಿಕೊಂಡು ಬಂದದ್ದು. ಸತ್ತ ಬೀಜಕ್ಕೆ ಕಂಪನಿ ಸುಣ್ಣ ಬಳಿಯುತ್ತಿತ್ತು.

ಇಂದಿನ ಮಾತಿಗೆ ಈ ಸುಣ್ಣದ ಕಾಯಿಯೇ ದಾರಿ. ಯಾವ ಗಿಡ ಯಾರ ಹಿಡಿತದಲ್ಲಿ ಎಷ್ಟು ಕಾಲ ಇತ್ತು ಎಂಬುದನ್ನು ನಾವು ಸಾಮಾನ್ಯವಾಗಿ ಕೋಟೆ, ಹಡಗು, ಒಪ್ಪಂದಗಳ ಕತೆಯಾಗಿ ಓದುತ್ತೇವೆ. ಬೀಜ ಎಷ್ಟು ದಿನ ಬದುಕುತ್ತದೆ, ತೊಗಟೆ ಯಾವ ತಿಂಗಳಲ್ಲಿ ಸುಲಿಯಲು ಬರುತ್ತದೆ, ಪಕ್ಕದ ಮರದ ಪರಾಗ ಬಿದ್ದರೆ ಏನು ಕೆಡುತ್ತದೆ ಎಂದು ಕೇಳಿಕೊಂಡು ಅದೇ ಕತೆಯನ್ನು ಮತ್ತೆ ಓದಿದರೆ ಎಷ್ಟೋ ಗಂಟುಗಳು ಬಿಚ್ಚಿಕೊಳ್ಳುತ್ತವೆ.

ಬಾಂಡಾ: ಹಿಡಿಯಲು ಸಿಕ್ಕ ಮರ

ಇಂದಿನ ಇಂಡೊನೇಷ್ಯಾದ ಪೂರ್ವಕ್ಕೆ ಬಾಂಡಾ ಎಂಬ ಪುಟ್ಟ ದ್ವೀಪಗಳ ಗುಂಪಿದೆ. ಜಗತ್ತಿಗೆಲ್ಲ ಜಾಯಿಕಾಯಿ, ಜಾಪತ್ರೆ ಹೋಗುತ್ತಿದ್ದುದು ಅಲ್ಲಿಂದ. ಚಿಕ್ಕ ಜಾಗ, ಸುತ್ತ ಸಮುದ್ರ, ದಾರಿಯಲ್ಲೇ ಸಾಯುವ ಬೀಜ: ಕಾವಲು ಕೂರಲು ಇದಕ್ಕಿಂತ ಅನುಕೂಲದ ಬೆಳೆ ಇನ್ನೊಂದಿಲ್ಲ. 1621ರಲ್ಲಿ ಕಂಪನಿಯ ಗವರ್ನರ್ ಜನರಲ್ ಯಾನ್ ಪೀಟರ್ಸ್‌ಜೋನ್ ಕೂನ್ ದಂಡು ತಂದು ದ್ವೀಪಗಳನ್ನು ಬಡಿದ. ಊರಿನ ಹಿರಿಯರಲ್ಲಿ 44 ಮಂದಿಯ ತಲೆ ಕಡಿಸಿದ. ಸುಮಾರು 15,000 ಇದ್ದ ಜನಸಂಖ್ಯೆ ಸಾವು, ಹಸಿವು, ಗಡಿಪಾರು, ಪಲಾಯನಗಳಲ್ಲಿ ಕರಗಿ ಒಂದು ಸಾವಿರದ ಆಸುಪಾಸಿಗೆ ಬಂತು. ಆಮೇಲೆ ನೆಲವನ್ನು 68 ತುಂಡು ಮಾಡಿ ಕಂಪನಿಯ ಕಡೆಯವರಿಗೆ ಹಂಚಿದರು, ದುಡಿಮೆಗೆ ಬೇರೆ ಬೇರೆ ಕಡೆಯಿಂದ ಗುಲಾಮರನ್ನು ತಂದರು. ಉಳಿದ ಬಾಂಡಾದವರಿಂದ ಹೊಸಬರಿಗೆ ಕೆಲಸ ಕಲಿಸಿದರು.

ಆ ಕೆಲಸ ಕಲಿಸದೆ ಬರುವಂಥದ್ದಲ್ಲ. ಹಣ್ಣು ಮರದಲ್ಲೇ ಬಿರಿದಾಗ ಕೊಯ್ಯಬೇಕು. ಕಾಯಿಗೆ ಸುತ್ತಿಕೊಂಡ ಕಡುಗೆಂಪು ಬಲೆಯಂಥ ಜಾಪತ್ರೆಯನ್ನು ಹರಿಯದಂತೆ ಬಿಡಿಸಿ, ಚಪ್ಪಟೆಯಾಗಿ ಒತ್ತಿ, ಬೇರೆಯಾಗಿ ಒಣಗಿಸಬೇಕು. ಕಾಯನ್ನು ಚಿಪ್ಪಿನ ಸಮೇತ ಅಟ್ಟದ ಮೇಲೆ ಹರಡಿ, ಕೆಳಗೆ ಸಣ್ಣ ಹೊಗೆ ಹಾಕಿ, ಆಗಾಗ ಮಗುಚುತ್ತ 6ರಿಂದ 8 ವಾರ ಒಣಗಿಸಬೇಕು. ಅಲುಗಿಸಿದಾಗ ಒಳಗೆ ಗಿಲಕಿಯ ಹಾಗೆ ಸದ್ದಾದರೆ ಹದ ಬಂದಿದೆ ಎಂದರ್ಥ. ಬೆಂಕಿ ಜೋರಾದರೆ ಕಾಯೊಳಗಿನ ಕೊಬ್ಬು ಕರಗಿ ತಿರುಳು ಸುಕ್ಕುಗಟ್ಟುತ್ತದೆ, ಚಿಪ್ಪು ಒಡೆಯುವಾಗ ಚೂರಾಗುತ್ತದೆ. ಹೊಗೆ ಸಾಲದಿದ್ದರೆ ಬೂಷ್ಟು.

ಮರವನ್ನು ಬೇರೆ ಕಡೆ ಬೆಳೆಸಲು ಇನ್ನೊಂದು ತೊಡಕಿತ್ತು. ಜಾಯಿಕಾಯಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಎಬ್ಬಿಸಿದ ಸಸಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಯಾವುದು ಯಾವುದೆಂದು ತಿಳಿಯುವುದು 5–7 ವರ್ಷಕ್ಕೆ, ಹೂ ಬಂದ ಮೇಲೆ. ಹತ್ತು ಹೆಣ್ಣಿಗೆ ಒಂದು ಗಂಡು ಸಾಕು, ಉಳಿದವನ್ನು ಅಷ್ಟು ವರ್ಷ ನೀರೆರೆದು ಕಡಿದುಹಾಕಬೇಕು. ಕದ್ದು ತಂದ ಹತ್ತಿಪ್ಪತ್ತು ಸಸಿಯಿಂದ ತೋಟ ಎದ್ದೇಳದಿರುವುದು ಇದಕ್ಕೆ. ಫ್ರೆಂಚರ ಪಿಯೆರ್ ಪುವಾವ್ರ್ ಹಟ ಹಿಡಿದು, 1770ರಲ್ಲಿ ಸಸಿ ಮತ್ತು ಮೊಳಕೆಗಟ್ಟಿದ ಬೀಜಗಳನ್ನು ರಾಶಿಯಾಗಿ ಮಾರಿಷಸ್‌ಗೆ ತರಿಸಿದ. ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಬ್ರಿಟಿಷರು ಬಾಂಡಾವನ್ನು ಕೆಲಕಾಲ ವಶಪಡಿಸಿಕೊಂಡು, ಸಸಿಗಳನ್ನು ಪೆನಾಂಗ್‌ಗೂ ಮತ್ತಿತರ ವಸಾಹತುಗಳಿಗೂ ಸಾಗಿಸಿದರು. ಡಚ್ಚರ ಹಿಡಿತ ಅಲ್ಲಿಗೆ ಸಡಿಲಿತು. 1667ರ ಒಪ್ಪಂದದಲ್ಲಿ ಇದೇ ಬಾಂಡಾ ಗುಂಪಿನ ರನ್ ದ್ವೀಪದ ಹಕ್ಕು ಡಚ್ಚರಿಗೆ, ಮ್ಯಾನ್‌ಹಟನ್ ಇಂಗ್ಲಿಷರಿಗೆ ಎಂದು ತೀರ್ಮಾನವಾದದ್ದನ್ನು ಈಗ ಎಲ್ಲರೂ ನಗುತ್ತ ಹೇಳುತ್ತಾರೆ. ಆ ಹೊತ್ತಿನ ಜಾಯಿಕಾಯಿ ಲೆಕ್ಕದಲ್ಲಿ ಅದು ಪೆದ್ದುತನವೇನಲ್ಲ.

ಮೆಣಸು ಏಕೆ ಹಿಡಿತಕ್ಕೆ ಸಿಗಲಿಲ್ಲ

ಕಾಳುಮೆಣಸಿನ ಕತೆ ಇದಕ್ಕೆ ತಿರುವುಮುರುವು. ಬಳ್ಳಿಯ ತುಂಡು ನೆಟ್ಟರೆ ಚಿಗುರುತ್ತದೆ, ಎರಡು ಮೂರು ಗೆಣ್ಣಿದ್ದರೆ ಸಾಕು. ಅಡಕೆ ಮರಕ್ಕೋ ಹಲಸಿಗೋ ಹಬ್ಬಿಕೊಂಡು ಹಿತ್ತಿಲಲ್ಲೂ ಇರುತ್ತದೆ, ಘಟ್ಟದ ಕಾಡಿನಲ್ಲೂ ಇರುತ್ತದೆ. ಇಡೀ ಪಶ್ಚಿಮ ಘಟ್ಟವನ್ನು ಬಾಂಡಾದಂತೆ ಸುತ್ತುವರಿಯಲು ಯಾವ ನೌಕಾಪಡೆಗೂ ಸಾಧ್ಯವಿರಲಿಲ್ಲ. ವಾಸ್ಕೋ ಡ ಗಾಮ 1498ರಲ್ಲಿ ಬಂದ ಮೇಲೆ ಪೋರ್ಚುಗೀಸರು ಹಿಡಿದದ್ದು ಬಳ್ಳಿಯನ್ನು ಬಿಟ್ಟು ಬಂದರನ್ನು. ಅವರ ರಹದಾರಿ ಚೀಟಿ ಇಲ್ಲದ ಹಡಗನ್ನು ಸಮುದ್ರದಲ್ಲಿ ಲೂಟಿ ಮಾಡುತ್ತಿದ್ದರು. 1569ರಲ್ಲಿ ಹೊನ್ನಾವರದಲ್ಲಿ ನೆಲೆಯೂರಿದರು. ಆದರೆ ಸರಕು ಕೊಡಬೇಕಾದವರು ಘಟ್ಟದ ಮೇಲೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರು ‘ಮೆಣಸಿನ ರಾಣಿ’ ಎಂದು ಕರೆದದ್ದು ಬರಿಯ ಹೊಗಳಿಕೆಯಲ್ಲ, ಯಾರ ಕೈ ಮೇಲಿತ್ತು ಎಂಬುದರ ಒಪ್ಪಿಗೆ. 1623ರಲ್ಲಿ ಅವರ ರಾಯಭಾರಿ ಇಕ್ಕೇರಿಗೆ ವೆಂಕಟಪ್ಪ ನಾಯಕನ ಬಳಿಗೇ ಹತ್ತಿ ಬರಬೇಕಾಯಿತು. 1650ರ ದಶಕದ ಮೊದಲಲ್ಲಿ ಶಿವಪ್ಪ ನಾಯಕ ಕರಾವಳಿಯ ಅವರ ಕೋಟೆಗಳನ್ನು ಕಿತ್ತುಕೊಂಡ.

ಪೋರ್ಚುಗೀಸರ ದೊಡ್ಡ ದೂರು ಸರಕಿನ ಗುಣದ ಮೇಲೆ: ಒದ್ದೆ ಮೆಣಸು, ಮಣ್ಣು ಮಿಶ್ರ, ಹಡಗಿನಲ್ಲಿ ತೂಕ ಇಳಿಯುತ್ತದೆ. ಇದಕ್ಕೆ ಕಾರಣ ಅವರದೇ ಕಟ್ಟುದರ. ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾದಾಗ ಕೊಯ್ದು, ನಾಲ್ಕೈದು ದಿನ ಒಳ್ಳೆಯ ಬಿಸಿಲಲ್ಲಿ ಒಣಗಿಸಿದರೆ 100 ಕಿಲೋ ಹಸಿ ಮೆಣಸು 33 ಕಿಲೋ ಆಸುಪಾಸಿಗೆ ಇಳಿಯುತ್ತದೆ. ತೇವ ಶೇಕಡ 11–12ಕ್ಕೆ ಬಂದರೆ ವರ್ಷಗಟ್ಟಲೆ ಕೆಡದು. ದರ ತೂಕಕ್ಕೆ ಮಾತ್ರ, ಅದೂ ಸಂತೆಗಿಂತ ಕಡಿಮೆ ಎಂದಾದರೆ ಪೂರ್ತಿ ಒಣಗಿಸುವವನು ನಷ್ಟಕ್ಕೆ ಬೀಳುತ್ತಾನೆ. ಒಳ್ಳೆಯ ಕಾಳು ಕೆಂಪು ಸಮುದ್ರದ ವ್ಯಾಪಾರಿಗೆ, ಒದ್ದೆ ಕಾಳು ಕಟ್ಟುದರದವನಿಗೆ. ಈ ಲೆಕ್ಕ ಯಾವ ರೈತನಿಗೂ ಹೇಳಿಕೊಡಬೇಕಿಲ್ಲ.

ದಾಲ್ಚಿನ್ನಿ: ಮರಕ್ಕಿಂತ ಕೈ ಮುಖ್ಯ

ಸಿಲೋನಿನ, ಎಂದರೆ ಇಂದಿನ ಶ್ರೀಲಂಕಾದ, ದಾಲ್ಚಿನ್ನಿಯಲ್ಲಿ ಏಕಸ್ವಾಮ್ಯ ನಿಂತದ್ದು ಮರದ ಮೇಲಲ್ಲ, ಸುಲಿಯುವ ಕೈಗಳ ಮೇಲೆ. 1658ರ ಹೊತ್ತಿಗೆ ಪೋರ್ಚುಗೀಸರನ್ನು ಓಡಿಸಿದ ಡಚ್ಚರಿಗೆ ಸಿಕ್ಕಿದ್ದು ಕಾಡಿನ ಮರ ಮತ್ತು ಸಲಗಾಮ ಎಂಬ ಸುಲಿಯುವ ಸಮುದಾಯ. ತಲೆಗಿಷ್ಟು ಎಂದು ತೊಗಟೆ ಒಪ್ಪಿಸುವುದು ಅವರಿಗೆ ಬಿಟ್ಟಿ. ಅಪ್ಪಣೆಯಿಲ್ಲದೆ ಸುಲಿದರೆ, ಮಾರಿದರೆ ಮರಣದಂಡನೆಯವರೆಗೆ ಶಿಕ್ಷೆ.

ಕೆಲಸ ಹೀಗೆ. ಮಳೆ ಬಿದ್ದು ರಸ ಏರಿದಾಗ ಎರಡು ವರ್ಷದ, ಹೆಬ್ಬೆರಳು ದಪ್ಪದ ಕೊಂಬೆಗಳನ್ನು ಕಡಿಯಬೇಕು. ಹೊರಗಿನ ಒರಟು ಸಿಪ್ಪೆ ಹೆರೆಯಬೇಕು. ಹಿತ್ತಾಳೆ ಸರಳಿನಿಂದ ಉಜ್ಜಿದರೆ ಒಳತೊಗಟೆ ಕಟ್ಟಿಗೆಯಿಂದ ಸಡಿಲಾಗುತ್ತದೆ. ಎದುರುಬದುರು ಎರಡು ಉದ್ದ ಗೀರು ಹಾಕಿ ಬಾಗಿದ ಚೂರಿಯಿಂದ ಎಬ್ಬಿಸಿ, ಒಂದರೊಳಗೊಂದು ಸೇರಿಸಿ, ಚೂರುಗಳನ್ನು ಒಳಗೆ ತುಂಬಿ ನೆರಳಿನಲ್ಲಿ ಒಣಗಿಸಬೇಕು. ಮೊದಲೇ ಬಿಸಿಲಿಗಿಟ್ಟರೆ ಸುರುಳಿ ಸೊಟ್ಟಗಾಗುತ್ತದೆ. ಒಣಗಾಲದಲ್ಲಿ ಕಡಿದರೆ ತೊಗಟೆ ಅಂಟಿಕೊಂಡು ಚಿಂದಿಯಾಗುತ್ತದೆ. ಹಳೆಯ ಬೊಡ್ಡೆಯ ತೊಗಟೆ ದಪ್ಪ, ಖಾರ, ಒಗರು.

ಗುಣ ಪರೀಕ್ಷೆಗೆ ಕಂಪನಿ ತನ್ನ ವೈದ್ಯರನ್ನೇ ಕೂರಿಸುತ್ತಿತ್ತು. ಕಟ್ಟುಕಟ್ಟಿನಿಂದಲೂ ಒಂದೊಂದು ತುಂಡು ಅಗಿದು ನೋಡಬೇಕು. 1777ರಲ್ಲಿ ಸಿಲೋನಿಗೆ ಬಂದಿದ್ದ ಸ್ವೀಡನ್ನಿನ ಸಸ್ಯವಿಜ್ಞಾನಿ ಥುನ್‌ಬರ್ಗ್ ಇದನ್ನು ದಾಖಲಿಸಿದ್ದಾನೆ: ನಾಲಿಗೆಯ ಸಿಪ್ಪೆ ಏಳುತ್ತಿತ್ತು, ನಡುನಡುವೆ ಬೆಣ್ಣೆ ಹಚ್ಚಿದ ಬ್ರೆಡ್ ತಿಂದು ಸುಧಾರಿಸಿಕೊಂಡರೂ ಎರಡು ಮೂರು ದಿನಕ್ಕಿಂತ ಹೆಚ್ಚು ತಾಳುತ್ತಿರಲಿಲ್ಲ. ಬ್ರಿಟಿಷರು 1796ರಲ್ಲಿ ಬಂದರು, 1833ರಲ್ಲಿ ಏಕಸ್ವಾಮ್ಯ ಕೈಬಿಟ್ಟರು, ರಫ್ತಿನ ಮೇಲೆ ಭಾರಿ ಸುಂಕ ಮಾತ್ರ ಉಳಿಸಿಕೊಂಡರು. ಆ ಸಂದಿನಲ್ಲಿ ಅಗ್ಗದ ಚೀನೀ ಚಕ್ಕೆ ಮಾರುಕಟ್ಟೆ ಹೊಕ್ಕಿತು.

ಸಿಂಕೋನ: ಬೀಜ ಹಗುರ, ಲೆಕ್ಕ ಭಾರ

ಈ ಮರದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಮಸಾಲೆಯಿಂದ ಔಷಧಿಗೆ ಬಂದ ಕೂಡಲೇ ಆಟದ ನಿಯಮ ಬದಲಾಗುವುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಆಂಡೀಸ್ ಬೆಟ್ಟಗಳ ಈ ತೊಗಟೆ ಜ್ವರಕ್ಕೆ ಮದ್ದೆಂದು 17ನೆಯ ಶತಮಾನದಲ್ಲೇ ಯುರೋಪು ತಲುಪಿತ್ತು. ತೊಂದರೆ ಏನೆಂದರೆ ಒಂದು ಮೂಟೆ ಕೆಲಸ ಮಾಡುತ್ತಿತ್ತು, ಇನ್ನೊಂದು ಮಾಡುತ್ತಿರಲಿಲ್ಲ. 1820ರಲ್ಲಿ ಪ್ಯಾರಿಸ್ಸಿನ ಪೆಲೆಟಿಯೆ ಮತ್ತು ಕಾವಾಂಟು ತೊಗಟೆಯಿಂದ ಜ್ವರ ಇಳಿಸುವ ಸಾರವಾದ ಕ್ವಿನೈನ್ ಬೇರ್ಪಡಿಸಿದ ಮೇಲೆ ಕಾರಣ ಹೊರಬಿತ್ತು: ಜಾತಿ, ಮರದ ವಯಸ್ಸು, ಬೆಳೆದ ಎತ್ತರ, ಎಲ್ಲದರ ಮೇಲೂ ಆಲ್ಕಲಾಯ್ಡ್ (ಕ್ವಿನೈನ್‌ನಂಥ ಕಹಿ ಮದ್ದಿನ ಅಂಶ) ಪ್ರಮಾಣ ಏರಿಳಿಯುತ್ತದೆ. ಅಂದಿನಿಂದ ತೊಗಟೆಯ ಬೆಲೆ ತೂಕದಿಂದ ಪ್ರಯೋಗಶಾಲೆಯ ಶೇಕಡಾವಾರಿಗೆ ಜಿಗಿಯಿತು.

ಸಿಂಕೋನ ಬೀಜ ಜಾಯಿಕಾಯಿಗೆ ಪೂರ್ತಿ ವಿರುದ್ಧ. ಒಂದು ಗ್ರಾಂಗೆ ಎರಡು ಮೂರು ಸಾವಿರ ಬೀಜ, ಒಣಗಿಸಿ ಇಟ್ಟರೆ ತಿಂಗಳುಗಳ ಕಾಲ ಜೀವ. ಜೇಬಿನಲ್ಲಿ ಒಂದು ಕಾಡನ್ನೇ ಒಯ್ಯಬಹುದು. ಪೆರು, ಬೊಲಿವಿಯಾಗಳು ಎಷ್ಟು ಕಾಯ್ದೆ ಮಾಡಿದರೂ ಇದನ್ನು ತಡೆಯುವುದು ಕಷ್ಟವಿತ್ತು. 1860ರಲ್ಲಿ ಬ್ರಿಟಿಷರ ಪರವಾಗಿ ಹೋದ ಕ್ಲೆಮೆಂಟ್ಸ್ ಮಾರ್ಕಂ ಜೀವಂತ ಗಿಡಗಳನ್ನೇ ಗಾಜಿನ ಪೆಟ್ಟಿಗೆಗಳಲ್ಲಿ ಭಾರತಕ್ಕೆ ಹೊರಡಿಸಿದ, ಕೆಂಪು ಸಮುದ್ರದ ಕಾವಿಗೆ ಅವು ಬಳಲಿ ಸತ್ತವು. ಅವರದೇ ಕಡೆಯ ರಿಚರ್ಡ್ ಸ್ಪ್ರೂಸ್ ಈಕ್ವೆಡಾರ್‌ನಲ್ಲಿ ಕೆಂಪು ತೊಗಟೆಯ ಸಿಂಕೋನದ ಒಂದು ಲಕ್ಷ ಬೀಜ ಮತ್ತು 637 ಸಸಿ ಕೂಡಿಸಿದ. ಊಟಿಯಲ್ಲಿ ಬೇರೂರಿದ್ದು ಈ ಕೆಂಪು ತೊಗಟೆಯ ಜಾತಿ. ಅಲ್ಲಿನ ಸರ್ಕಾರಿ ತೋಟಗಳ ಮೇಲ್ವಿಚಾರಕ ವಿಲಿಯಂ ಮೆಕೈವರ್ ಕಡ್ಡಿ ನೆಟ್ಟು ಅದನ್ನು ದೊಡ್ಡಬೆಟ್ಟದಲ್ಲೂ ನಡುವಟ್ಟದಲ್ಲೂ ಹಬ್ಬಿಸಿದ. ನಡುವಟ್ಟದಲ್ಲಿ ಮಲಯ ಕಡೆಯಿಂದ ತಂದ ಚೀನೀ ಕೈದಿಗಳನ್ನು ದುಡಿಸಿದರು. ಮರ ಕಡಿಯದೆ ತೊಗಟೆ ಪಡೆಯುವ ಉಪಾಯವೂ ಮೆಕೈವರ್‌ನದು: ಉದ್ದುದ್ದ ಪಟ್ಟಿಯಾಗಿ ತೊಗಟೆ ಎತ್ತಿ, ಗಾಯಕ್ಕೆ ಹಾವಸೆ ಸುತ್ತಿ ಕಟ್ಟಿದರೆ ಹೊಸ ತೊಗಟೆ ಬೆಳೆಯುತ್ತದೆ, ಅದರಲ್ಲಿ ಆಲ್ಕಲಾಯ್ಡ್ ಇನ್ನೂ ಹೆಚ್ಚು. ಎತ್ತುವಾಗ ಒಳಗಿನ ಜಾರುಪದರಕ್ಕೆ ಚೂರಿ ತಾಗಿದರೆ ಆ ಜಾಗ ಮತ್ತೆ ತುಂಬುವುದಿಲ್ಲ.

ಕೆಂಪು ತೊಗಟೆಯ ಮರ ಗಟ್ಟಿಮುಟ್ಟು. ಒಟ್ಟು ಆಲ್ಕಲಾಯ್ಡ್ ಚೆನ್ನಾಗಿಯೇ ಇತ್ತು, ಅದರಲ್ಲಿ ಕ್ವಿನೈನ್ ಪಾಲು ಮಾತ್ರ ಕಡಿಮೆ. ಹಾಗಾದರೆ ಉಳಿದವು ಕೆಲಸಕ್ಕೆ ಬಾರದವೇ? ಇದನ್ನು ನೋಡಲೆಂದೇ 1866ರಲ್ಲಿ ಮದ್ರಾಸಿನಲ್ಲಿ ಆಯೋಗ ನೇಮಿಸಿ, ನಾಲ್ಕು ಆಲ್ಕಲಾಯ್ಡ್‌ಗಳನ್ನು ಬೇರೆ ಬೇರೆಯಾಗಿ ಜ್ವರದವರಿಗೆ ಕೊಟ್ಟು ಪರೀಕ್ಷಿಸಿದರು. ಸಾವಿರಕ್ಕೆ ಗುಣವಾಗದೆ ಉಳಿದವರು ಕ್ವಿನಿಡಿನ್‌ನಲ್ಲಿ 6, ಕ್ವಿನೈನ್‌ನಲ್ಲಿ 7, ಸಿಂಕೋನಿಡಿನ್‌ನಲ್ಲಿ 10, ಸಿಂಕೋನಿನ್‌ನಲ್ಲಿ 23. ಎಂದರೆ ಲಂಡನ್ ಮಾರುಕಟ್ಟೆ ಕೀಳೆಂದು ತಳ್ಳಿದ ಆಲ್ಕಲಾಯ್ಡ್‌ಗಳೂ ಮಲೇರಿಯಾ ಜ್ವರವನ್ನು ಇಳಿಸುತ್ತಿದ್ದವು. ವಸಾಹತು ವೈದ್ಯಕೀಯದಲ್ಲಿ ಬಡವರಿಗೆ ನಿಜವಾಗಿ ಉಪಯೋಗಕ್ಕೆ ಬಂದ ಕೆಲವೇ ಕೆಲಸಗಳಲ್ಲಿ ಇದೊಂದು ಎಂದು ನನ್ನ ಅಭಿಪ್ರಾಯ. ಡಾರ್ಜಿಲಿಂಗ್ ಬಳಿಯ ಮಂಗ್ಪೂವಿನಲ್ಲಿ ಎಲ್ಲ ಆಲ್ಕಲಾಯ್ಡ್‌ಗಳನ್ನೂ ಒಟ್ಟಿಗೆ ಇಳಿಸುವ ಅಗ್ಗದ ವಿಧಾನ ಬಂತು: ತೊಗಟೆ ಪುಡಿಯನ್ನು ತೆಳು ಹೈಡ್ರೋಕ್ಲೋರಿಕ್ ಆಮ್ಲದ ನೀರಿನಲ್ಲಿ ನೆನೆಹಾಕಿ, ಸೋಸಿ, ಕಾಸ್ಟಿಕ್ ಸೋಡಾ ಹಾಕಿದರೆ ಆಲ್ಕಲಾಯ್ಡ್‌ಗಳು ತಳಕ್ಕಿಳಿಯುತ್ತವೆ. ತೊಳೆದು ಒಣಗಿಸಿ ಪುಡಿ ಮಾಡಿದರೆ ಮುಗಿಯಿತು. ಕ್ವಿನೈನ್‌ಗಿಂತ ಹೊಟ್ಟೆ ತೊಳಸುವುದು ಹೆಚ್ಚು, ಬೆಲೆ ಕಡಿಮೆ. 1892ರಿಂದ ಬಂಗಾಳದಲ್ಲಿ ಕ್ವಿನೈನನ್ನೇ ಒಂದು ಪೈಸೆಯ ಪೊಟ್ಟಣವಾಗಿ ಅಂಚೆ ಕಚೇರಿಗಳಲ್ಲಿ ಮಾರಿದರು.

ಆದರೆ ಪಂದ್ಯ ಗೆದ್ದದ್ದು ಡಚ್ಚರು. ಬೊಲಿವಿಯಾದ ಮಾನ್ವೆಲ್ ಇಂಕ್ರಾ ಮಮಾನಿ ಎಂಬ ಆಯ್ಮಾರಾ ಮೂಲನಿವಾಸಿಗೆ ಯಾವ ಮರದ ತೊಗಟೆ ಶ್ರೇಷ್ಠ ಎಂಬುದು ಗೊತ್ತಿತ್ತು. ಅವನು ವರ್ಷಗಟ್ಟಲೆ ಕಾದು ಕೂಡಿಸಿದ ಬೀಜವನ್ನು ಅವನ ಧಣಿ, ಇಂಗ್ಲಿಷ್ ವ್ಯಾಪಾರಿ ಚಾರ್ಲ್ಸ್ ಲೆಜರ್ 1865ರಲ್ಲಿ ಲಂಡನ್ನಿಗೆ ಕಳಿಸಿದ. ಬ್ರಿಟಿಷ್ ಸರ್ಕಾರ ಬೇಡವೆಂದಿತು, ಡಚ್ಚರು ಒಂದು ಪೌಂಡ್ ಕೊಂಡರು. ಜಾವಾದಲ್ಲಿ ಬೆಳೆದ ಆ ಮರಗಳಲ್ಲಿ ಕೆಲವು ಶೇಕಡ 13ರವರೆಗೆ ಕ್ವಿನೈನ್ ಕೊಟ್ಟವು. ಆ ಜಾತಿಗೆ ಲೆಜರ್‌ನ ಹೆಸರು. ಮಮಾನಿಯನ್ನು ಬೀಜ ಕಳ್ಳಸಾಗಣೆಗಾಗಿ ಸೆರೆಗೆ ಹಾಕಿ ಹೊಡೆದರು, ಅವನು ಬದುಕಲಿಲ್ಲ.

ಬೀಜ ಸಿಕ್ಕಿದ್ದೇ ಗೆಲುವಾಗಲಿಲ್ಲ. ಸಿಂಕೋನದಲ್ಲಿ ಅಕ್ಕಪಕ್ಕದ ಜಾತಿಗಳು ಸುಲಭವಾಗಿ ಬೆರೆತುಹೋಗುತ್ತವೆ, ಒಂದೇ ತಲೆಮಾರಿನಲ್ಲಿ ಗುಣ ಇಳಿಯುತ್ತದೆ. ಡಚ್ಚರು ಒಂದೊಂದು ಮರದ ತೊಗಟೆಯನ್ನೂ ಪರೀಕ್ಷಿಸಿ, ಮೇಲಾದವನ್ನು ಉಳಿದವುಗಳಿಂದ ದೂರದ ಬೀಜತೋಟಕ್ಕೆ ಸರಿಸಿದರು. ಲೆಜರ್ ಜಾತಿಯ ಬೇರು ದುರ್ಬಲವಾದ್ದರಿಂದ ಅದನ್ನು ಕೆಂಪು ತೊಗಟೆಯ ಬೇರಿನ ಮೇಲೆ ಕಸಿ ಕಟ್ಟಿದರು. ಇತ್ತ ಸಿಲೋನಿನಲ್ಲಿ ಕಾಫಿಗೆ ತುಕ್ಕುರೋಗ ಬಂದು, ತೋಟದವರೆಲ್ಲ ಕೈಗೆ ಸಿಕ್ಕ ಸಿಂಕೋನ ನೆಟ್ಟು, 1880ರ ದಶಕದಲ್ಲಿ ಬೆಲೆಯನ್ನೇ ನೆಲಕ್ಕೆ ಕೆಡವಿದರು. ಕಿತ್ತುಹಾಕಿ ಚಹಾ ನೆಟ್ಟರು. 20ನೆಯ ಶತಮಾನದಲ್ಲಿ ಜಗತ್ತಿನ ಕ್ವಿನೈನ್ ತೊಗಟೆಯ ಹತ್ತರಲ್ಲಿ ಒಂಬತ್ತು ಪಾಲು ಜಾವಾದ್ದು. 1942ರ ಮಾರ್ಚ್‌ನಲ್ಲಿ ಜಪಾನ್ ಜಾವಾ ಹಿಡಿದ ದಿನ ಮಿತ್ರರಾಷ್ಟ್ರಗಳ ಸೈನ್ಯಕ್ಕೆ ಮಲೇರಿಯಾ ಮದ್ದಿನ ಮೂಲವೇ ಕೈತಪ್ಪಿತು.

ಹೆಸರು ತಪ್ಪಿದರೆ

ಗಿಡ ಒಯ್ದವರಿಗೆ ಹೆಸರೂ ಬೇಕಿತ್ತು. 1563ರಲ್ಲಿ ಗೋವೆಯಲ್ಲಿ ಗಾರ್ಸಿಯಾ ದ ಓರ್ಟಾ ಭಾರತದ ಔಷಧಿಗಳ ಬಗ್ಗೆ ಸಂವಾದ ರೂಪದ ಪುಸ್ತಕ ಅಚ್ಚು ಹಾಕಿಸಿದ. ಯಹೂದಿ ಮೂಲದ ಈ ವೈದ್ಯ ಸತ್ತ ಹನ್ನೆರಡು ವರ್ಷಕ್ಕೆ ಧಾರ್ಮಿಕ ನ್ಯಾಯಾಲಯದವರು ಗೋರಿಯಿಂದ ಮೂಳೆ ಅಗೆಸಿ ಸುಡಿಸಿದರು. ಮುಂದೆ ಕೊಚ್ಚಿಯಲ್ಲಿ ಡಚ್ ಅಧಿಕಾರಿ ವಾನ್ ರೀಡ್ ಮಲಬಾರಿನ 742 ಗಿಡಗಳನ್ನು ಬರೆಸಿದ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟ ಹೊರಬಂದವು. ವಿವರ ಕೊಟ್ಟವರು ಈಳವ ವೈದ್ಯ ಇಟ್ಟಿ ಅಚ್ಯುತನ್ ಮತ್ತು ಕೊಂಕಣಿ ಪಂಡಿತರಾದ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್. ಇವರ ಪ್ರಮಾಣಪತ್ರಗಳು ಪುಸ್ತಕದಲ್ಲೇ ಅಚ್ಚಾಗಿವೆ. ಗಿಡಗಳಿಗೆ ಜೋಡಿ ಹೆಸರಿಡುವ ಪದ್ಧತಿ ತಂದ ಸ್ವೀಡನ್ನಿನ ಲಿನೇಯಸ್ ಈ ಸಂಪುಟಗಳ ಚಿತ್ರ ನೋಡಿಯೇ ಎಷ್ಟೋ ಗಿಡಗಳಿಗೆ ಹೆಸರಿಟ್ಟ. ಏಲಕ್ಕಿಯ ‘ಎಲೆಟೇರಿಯ’, ಆಡುಸೋಗೆಯ ‘ಅಧತೋಡ’ ನಮ್ಮ ಭಾಷೆಗಳ ಸದ್ದನ್ನು ಇನ್ನೂ ಇಟ್ಟುಕೊಂಡಿವೆ.

ಹೆಸರು ಕೆಟ್ಟರೆ ಮದ್ದೇ ಕೆಡುತ್ತದೆ ಎಂಬುದಕ್ಕೆ ಕೊಡಸಿಗೆ ಒಳ್ಳೆಯ ಉದಾಹರಣೆ. ಆಮಶಂಕೆಗೆ ಅದರ ತೊಗಟೆ ಘಟ್ಟದ ಎರಡೂ ಬದಿಗೆ ಹಳೆಯ ಮದ್ದು. ತಲಚೇರಿಯಿಂದ ಯುರೋಪಿಗೆ ಹೋಗಿ ಹೆಸರೂ ಮಾಡಿತ್ತು. ಲಿನೇಯಸ್ ‘ಆಮಶಂಕೆ ನಿವಾರಕ’ ಎಂಬ ಅರ್ಥದ ಒಂದೇ ಹೆಸರಿನ ಅಡಿಯಲ್ಲಿ ಇದನ್ನೂ, ಇದನ್ನೇ ಹೋಲುವ ಬೆಪ್ಪಾಲೆಯ ಬಳಗವನ್ನೂ ಸೇರಿಸಿಬಿಟ್ಟ. ವ್ಯಾಪಾರದಲ್ಲಿ ಎರಡೂ ತೊಗಟೆ ಬೆರೆತವು. ಬೆಪ್ಪಾಲೆ ತೊಗಟೆಯಲ್ಲಿ ಆ ಗುಣವಿಲ್ಲ, ರೋಗಿಗೆ ಗುಣವಾಗಲಿಲ್ಲ, ಯುರೋಪಿನ ವೈದ್ಯರು ಮದ್ದೇ ಸುಳ್ಳೆಂದು ಬಿಟ್ಟರು. ಮದ್ರಾಸಿನ ವೈದ್ಯ ಮೊಹಿದೀನ್ ಷರೀಫ್ 1869ರಲ್ಲಿ ಭಾರತದ ಔಷಧಿ ಸಂಹಿತೆಗೆ ಪೂರಕ ಗ್ರಂಥ ಬರೆದು, ಕನ್ನಡವೂ ಸೇರಿದಂತೆ ದೇಶಭಾಷೆಗಳ ಹೆಸರುಗಳನ್ನು ಒಂದೊಂದಾಗಿ ಜರಡಿ ಹಿಡಿದದ್ದು ಇಂಥ ಎಡವಟ್ಟುಗಳಿಂದಾಗಿಯೇ. ವಿಚಿತ್ರವೆಂದರೆ ‘ಆಮಶಂಕೆ ನಿವಾರಕ’ ಎಂಬ ಆ ಹಳೆಯ ವಿಶೇಷಣ ಇಂದಿಗೂ ಬೆಪ್ಪಾಲೆ ಬಳಗದ, ಸಿಲೋನಿನ ಒಂದು ಬಿಳಿ ಹೂವಿನ ಗಿಡಕ್ಕೆ ಅಂಟಿಕೊಂಡಿದೆ. ನರ್ಸರಿಗಳಲ್ಲಿ ಅದು ಅಲಂಕಾರದ ಗಿಡ.

*ಉಪನ್ಯಾಸದ ಬಳಿಕ ಬಂದ ಪ್ರಶ್ನೆಗಳಲ್ಲಿ ಎರಡು:*

*ನಮ್ಮ ಶ್ರೀಗಂಧ ಈ ಕತೆಯಲ್ಲಿ ಎಲ್ಲಿ ಬರುತ್ತದೆ?*

ಅದು ಬೇರೆ ಬಗೆಯ ಹಿಡಿತ. ಟಿಪ್ಪು 1792ರಲ್ಲಿ ಅದನ್ನು ರಾಜವೃಕ್ಷವೆಂದು ಸಾರಿದ. ಅವನನ್ನು ಸೋಲಿಸಿದವರು ಉಳಿದದ್ದನ್ನು ಬದಲಿಸಿದರು, ಆ ಕಟ್ಟಳೆಯನ್ನು ಮಾತ್ರ ಹಾಗೇ ಉಳಿಸಿಕೊಂಡರು. ಮರ ಹರಾಜಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಆಗ ಆ ಎಣ್ಣೆ ಮೇಹರೋಗದ ಔಷಧಿ ಕೂಡ. 1914ರಲ್ಲಿ ಯುದ್ಧ ಬಂದು ಖರೀದಿ ನಿಂತಾಗ ಮೈಸೂರು ಸಂಸ್ಥಾನ ತಾನೇ ಭಟ್ಟಿ ಇಳಿಸಲು ಹೊರಟು, 1916ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆ ತೆರೆಯಿತು. ಗಂಧ ಅರೆಪರಾವಲಂಬಿ. ಸಸಿಯ ಬೇರು ಇನ್ನೊಂದು ಗಿಡದ ಬೇರಿಗೆ ಬಾಯಿ ಹಾಕಬೇಕು, ನರ್ಸರಿಯಲ್ಲಿ ಜೊತೆಗೆ ತೊಗರಿ ಬಿತ್ತುವುದು ಅದಕ್ಕೆ. ಎಂದರೆ ಅದು ಹೊಲದ ಬದು, ಬೇಲಿಗಳಲ್ಲಿ ಚೆನ್ನಾಗಿ ಬರುವ ಮರ. ತನ್ನ ಬೇಲಿಯ ಮರ ತನ್ನದಲ್ಲ, ಕಳುವಾದರೆ ವಿಚಾರಣೆ ತನಗೆ ಎಂದಾದಾಗ ರೈತ ಸಸಿಯನ್ನೇ ಚಿವುಟಿದ. ಕರ್ನಾಟಕದಲ್ಲಿ ಭೂಮಾಲೀಕನಿಗೆ ಮರದ ಒಡೆತನ ಸಿಕ್ಕಿದ್ದು 2001ರ ತಿದ್ದುಪಡಿಯಿಂದ.

*ಗ್ರಂಥಿಗೆ ಅಂಗಡಿಯಲ್ಲಿ ಕೊಡಸಿಗೆ ಕೇಳಿದರೆ ಬೆಪ್ಪಾಲೆ ಬರುವುದು ಈಗಲೂ ಇದೆಯೇ? ಗುರುತಿಸುವುದು ಹೇಗೆ?*

ಇದೆ. ಮರ ಎದುರಿಗಿದ್ದರೆ ಸುಲಭ. ಎರಡಕ್ಕೂ ಜೋಡಿ ಕೋಡು. ಬೆಪ್ಪಾಲೆಯ ಎರಡು ಕೋಡುಗಳು ತುದಿಯಲ್ಲಿ ಕೂಡಿಕೊಂಡಿರುತ್ತವೆ, ಕೊಡಸಿಗೆಯವು ಬಿಡಿಬಿಡಿಯಾಗಿ ಜೋತಾಡುತ್ತವೆ. ಬೆಪ್ಪಾಲೆ ಎಲೆಯಿಂದ ನೀಲಿ ಬಣ್ಣ ಬರುತ್ತದೆ. ಒಣಗಿದ ಸರಕಾದರೆ ನಾಲಿಗೆಯೇ ಗತಿ. ಕೊಡಸಿಗೆ ತೊಗಟೆಯೂ ಬೀಜವೂ ಚೆನ್ನಾಗಿ ಕಹಿ, ಬಾಯಲ್ಲಿ ಉಳಿಯುವ ಕಹಿ. ಬೆಪ್ಪಾಲೆ ಬೀಜಕ್ಕೆ ಕಹಿಯಿಲ್ಲ, ವ್ಯಾಪಾರದಲ್ಲಿ ಅದಕ್ಕೆ ‘ಸಿಹಿ ಇಂದ್ರಜೌ’ ಎಂದೇ ಹೆಸರು. ಪುಡಿ ಮಾಡಿ ಕೊಟ್ಟದ್ದನ್ನು ಕೊಳ್ಳಬೇಡಿ, ಇಡಿಯ ತೊಗಟೆಯೋ ಬೀಜವೋ ಇದ್ದರೆ ಒಂದು ಚೂರು ಅಗಿದು ನೋಡಿ ಉಗಿಯಿರಿ.